ಬೊಳ್ಳಪ್ಪನವರು ಆರಿಸಿದ ಸ್ಪೀಕರ್

"ಇದೇ ಸರಿ," ಎಂದರು ಸುಬೇದಾರ್ ಬೊಳ್ಳಪ್ಪ, ಕಪ್ಪು ಬಟ್ಟೆ ಹೊದಿಸಿದ್ದ ಸ್ಪೀಕರ್ ಜೋಡಿಯ ಕಡೆ ಬೆರಳು ತೋರಿಸಿ. "ಪಿಟೀಲು ಒಂದೊಂದು ಎಳೆ ಬಿಡಿಸಿಟ್ಟ ಹಾಗೆ ಕೇಳ್ತದೆ. ಆ ಬೀಟೆ ಮರದ ಪೆಟ್ಟಿಗೆಯದ್ದು ಕಂಬಳಿ ಹೊದ್ದು ನುಡಿಸಿದ ಹಾಗೆ."

ಸೋಮವಾರಪೇಟೆಯ ಏಲಕ್ಕಿ ವ್ಯಾಪಾರಿ ಪರಮೇಶಪ್ಪನವರು ಸುಮ್ಮನೆ ತಲೆಯಾಡಿಸಿದರು. ಅವರ ಹೊಸ ರೆಕಾರ್ಡ್ ಪ್ಲೇಯರಿಗೆಂದು ಮೈಸೂರಿನ ಅಂಗಡಿಯವನು ಎರಡು ಜೋಡಿ ಸ್ಪೀಕರ್ ಕಳಿಸಿ, ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾರದೊಳಗೆ ವಾಪಸು ಮಾಡಿ ಎಂದಿದ್ದ. ಆರಿಸಿಕೊಡಲಿಕ್ಕೆ ಮಾದಾಪುರದಿಂದ ಬೊಳ್ಳಪ್ಪನವರನ್ನೇ ಕರೆಸಿದ್ದರು. ಹದಿನೆಂಟು ವರ್ಷ ಫಿರಂಗಿ ದಳದಲ್ಲಿದ್ದು ಬಂದು ಈಗ ಕಾಫಿ ತೋಟ ನೋಡಿಕೊಳ್ಳುತ್ತಿದ್ದ ಅವರ ಕಿವಿಯ ಮೇಲೆ ಆ ಸುತ್ತಿನವರಿಗೆಲ್ಲ ಭರವಸೆ. ರೇಡಿಯೊ ಕೊಳ್ಳುವವರು, ಮಗಳ ಪಾಠಕ್ಕೆ ಹಾರ್ಮೋನಿಯಂ ಕೊಳ್ಳುವವರು ಮೊದಲು ಅವರನ್ನು ಕೇಳುತ್ತಿದ್ದರು.

ಕಾಫಿ ತಂದ ಪರಮೇಶಪ್ಪನವರ ಹೆಂಡತಿ ಚನ್ನಬಸಮ್ಮ ಬಾಗಿಲಲ್ಲೇ ನಿಂತರು. ಅತಿಥಿಗೆ ಎದುರಾಡಲಾರದೆ ಗಂಡನಿಗೆ ಹೇಳಿದರು, "ಕರಿದು ಬ್ಯಾಡ ಕಣ್ರೀ. ಹಲ್ಲು ಜುಮ್ ಅನ್ಸುತ್ತೆ. ಆ ಸುಯ್ಯನ್ನೋ ಸದ್ದು ಬೇರೆ."

"ಯಾವ ಸದ್ದು?" ಎಂದರು ಬೊಳ್ಳಪ್ಪ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಪರಮೇಶಪ್ಪ ಎದ್ದುಹೋಗಿ ರೆಕಾರ್ಡಿನ ಅಂಚಿನಲ್ಲಿ, ಸಂಗೀತ ಇನ್ನೂ ಶುರುವಾಗದ ಕಡೆ, ಮುಳ್ಳು ಇಟ್ಟರು. "ಈಗ ಬರ್ತಾ ಇದೆಯಲ್ಲ ಸಾರ್, ಇದು."

ಬೊಳ್ಳಪ್ಪ ಬಗ್ಗಿ ಕಪ್ಪು ಬಟ್ಟೆಗೆ ಕಿವಿ ಒತ್ತಿದರು. ಪಿಟೀಲು ಏಳುವವರೆಗೂ ಅವರಿಗೆ ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಹಾಕಿಸಿದರು. ಅಷ್ಟು ದೂರದ ಬಾಗಿಲಲ್ಲಿ ನಿಂತಿದ್ದ ಚನ್ನಬಸಮ್ಮ ಸೆರಗಿನಿಂದ ಕಿವಿ ಉಜ್ಜಿಕೊಂಡದ್ದು ಮಾತ್ರ ಕಂಡಿತು.

ಬೊಳ್ಳಪ್ಪ ಕುರ್ಚಿಗೆ ಬಂದು ಕೂತರು. ಲೋಟದ ಕಾಫಿ ಆರಿತು. ಪರಮೇಶಪ್ಪ ಮುಳ್ಳು ಎತ್ತಿಟ್ಟು, "ಇದೆಲ್ಲ ಅವರವರ ರುಚಿ ಸಾರ್," ಎಂದರು. "ಒಬ್ಬರಿಗೆ ಖಾರ ಬೇಕು, ಒಬ್ಬರಿಗೆ ಬ್ಯಾಡ. ನೀವು ಹೇಳಿದ್ದನ್ನೇ ಇಟ್ಕೋತೀವಿ."

"ಬೇಡ. ಅಷ್ಟು ಖಾರ ಹಾಕಿದರೇನೇ ನನ್ನ ನಾಲಿಗೆಗೆ ಹತ್ತುವುದು. ಅದನ್ನು ರುಚಿ ಅಂತ ಹೇಗೆ ಹೇಳ್ಲಿ?" ಎಂದರು ಬೊಳ್ಳಪ್ಪ. "ಮನೆಯವರು ಹೇಳಿದ್ದು ಇಟ್ಟುಕೊಳ್ಳಿ. ದಿನಾ ಕೇಳುವವರು ಅವರು. ಕರಿದನ್ನು ನಾನು ತಕ್ಕೊಂಡು ಹೋಗ್ತೇನೆ, ಅಂಗಡಿಯವನಿಗೆ ಬರೆದು ಹಾಕಿ."

ಜೀಪಿನಲ್ಲಿ ಮನೆಗೆ ಬರುವಾಗ ಬೊಳ್ಳಪ್ಪನವರಿಗೆ ತಾನು ಆರಿಸಿಕೊಟ್ಟ ರೇಡಿಯೊಗಳಿರುವ ಮನೆಗಳು ಒಂದೊಂದಾಗಿ ನೆನಪಿಗೆ ಬಂದವು. ಒಂದು ಮನೆಯವರೂ ಇದುವರೆಗೆ ಏನೂ ಅಂದಿರಲಿಲ್ಲ. ಎದುರು ಸಿಕ್ಕಾಗ ಕೈ ಮುಗಿಯುತ್ತಿದ್ದರು.

ಹಜಾರದಲ್ಲಿ ತನ್ನ ಹಳೆಯ ಪ್ಲೇಯರಿಗೆ ಕರಿ ಸ್ಪೀಕರಿನ ತಂತಿ ಸಿಕ್ಕಿಸುತ್ತಲೇ ನಡೆದದ್ದನ್ನು ಹೆಂಡತಿ ತಂಗಮ್ಮನಿಗೆ ಹೇಳಿದರು. ಆಕೆ ಆಶ್ಚರ್ಯಪಡಲಿಲ್ಲ.

"ನಂಗೆ ಗೊತ್ತುಂಟು. ನಾಲ್ಕು ವರ್ಷ ಆಯ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ದೆ. ಎರಡು ಸಲ."

ಬೊಳ್ಳಪ್ಪ ರೆಕಾರ್ಡ್ ಹಾಕಿದರು. ಪಿಟೀಲು ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು. ಇಷ್ಟು ವರ್ಷ ನಡುದಾರಿಯಲ್ಲೇ ಕಾಣೆಯಾಗುತ್ತಿದ್ದ ಸ್ವರ ಈ ಸಲ ತುದಿ ಮುಟ್ಟಿ ಇಳಿದು ಬಂತು. ಅವರ ಕಣ್ಣು ತುಂಬಿತು. ಒರೆಸಿಕೊಂಡು ನೋಡಿದರೆ ಎದುರು ನಿಂತಿದ್ದ ತಂಗಮ್ಮನ ಎರಡೂ ಭುಜ ಕಿವಿಯವರೆಗೆ ಏರಿದ್ದವು. ಸದ್ದು ಸಣ್ಣ ಮಾಡಲೆಂದು ಬೊಳ್ಳಪ್ಪ ಕೈ ಚಾಚಿದರು.

"ಇರ್ಲಿ, ಮುಟ್ಟಬೇಡಿ," ಎಂದು ತಂಗಮ್ಮ ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಒಳ್ಳೆಮೆಣಸಿನ ಕಾಳು ತುಂಬಿದ ಮೊರ, ಎರಡೂ ಕಿವಿಯಲ್ಲಿ ಹತ್ತಿ. ಗಂಡನ ಪಕ್ಕದ ಕುರ್ಚಿಯಲ್ಲೇ ಕೂತು ಮೊರವನ್ನು ಮಡಿಲಿಗೆ ಇಟ್ಟುಕೊಂಡು ಕಡ್ಡಿ ಆರಿಸತೊಡಗಿದರು.

ಸ್ವಲ್ಪ ಹೊತ್ತಿಗೆ ಆಕೆಗೆ ಏನೋ ನೆನಪಾಯಿತು. "ನಾಳೆ ಚೋಮಿ ಕಾಫಿ ಪಿಕಿಂಗಿಗೆ ಬರುವುದಿಲ್ಲವಂತೆ. ಮಗಳಿಗೆ ದಿನ ತುಂಬಿದೆಯಂತೆ," ಎಂದರು. ಕಿವಿಯಲ್ಲಿ ಹತ್ತಿ ಇದ್ದುದರಿಂದ ತನ್ನ ದನಿ ತನಗೇ ಕೇಳದೆ, ತೋಟದ ಆಚೆ ತುದಿಯಲ್ಲಿರುವವರನ್ನು ಕರೆದ ಹಾಗೆ ಹೇಳಿದರು.

ಒಂದು ಅಕ್ಷರವೂ ಬಿಡದೆ ಬೊಳ್ಳಪ್ಪನವರಿಗೆ ಕೇಳಿಸಿತು. ಎಂದಿನಂತೆ ತುಟಿ ನೋಡಬೇಕಾಗಲಿಲ್ಲ, ಅರ್ಧ ಊಹಿಸಬೇಕಾಗಲಿಲ್ಲ. ಅವರು ಏನೂ ಕೇಳಿಸದವರಂತೆ ಸ್ಪೀಕರನ್ನೇ ನೋಡುತ್ತ ಕೂತರು, ಆಕೆ ಇನ್ನೊಮ್ಮೆ ಹೇಳಲಿ ಎಂದು.