ದೊಡ್ಡತ್ತೆ ಬಂದರು

"ದೊಡ್ಡತ್ತೆ ಬಂದ್ರು!"

ಅಡುಗೆಮನೆಯ ಕಿಟಕಿಯ ಬಳಿ ಲೋಟ ತೊಳೆಯುತ್ತಿದ್ದ ಸೊಸೆಯ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಎಲ್ಲಿ, ಎಲ್ಲಿ?" ಎನ್ನುತ್ತ ಈ ಸಲ ಹಿಂದಿನಿಂದ ಯಾರೂ ಓಡಿ ಬರಲಿಲ್ಲ. ಅವಳು ನಲ್ಲಿ ನಿಲ್ಲಿಸಿದಳು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಅಯ್ಯೋ, ಈಗ್ಲಾ? ಬಾಗಿಲು ತೆಗೀಬೇಡ, ಒಂದ್ನಿಮಿಷ!" ಅತ್ತೆಯ ದನಿ. "ಒಂದು ಫೋನಾದ್ರೂ ಮಾಡಬಾರ್ದಾ? ಹೇಳ್ದೆ ಕೇಳ್ದೆ ಬರೋದು ಅವರ ಹುಟ್ಟುಗುಣ. ಸೋಫಾ ಮೇಲಿನ ಬಟ್ಟೆ ತೆಗಿ. ಆ ಹಿಡಿ ಮುರಿದ ಕಪ್ ಒಳಗಿಡು, ಹೋದ ಸಲ ಅದನ್ನೇ ಎತ್ತಿ ಎತ್ತಿ ನೋಡಿದ್ರು."

ದೊಡ್ಡತ್ತೆ ಎಂದರೆ ಮಾವನ ಅಕ್ಕ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅತ್ತೆಗೆ ಆಕೆಯ ಭಯ ಹೋಗಿರಲಿಲ್ಲ. ಸೊಸೆ ಕೈ ಒರೆಸಿಕೊಳ್ಳುತ್ತ ಕೋಣೆಗೆ ಬರುವಷ್ಟರಲ್ಲಿ ಅವರು ತಲೆ ಬಾಚಿ, ಒಳ್ಳೆಯ ಶಾಲು ಹೊದ್ದು, ಮುಖಕ್ಕೆ ಒಂದು ನಗೆಯನ್ನೂ ತಂದುಕೊಂಡಿದ್ದರು. ಮಗ ತೀರಿಹೋದಮೇಲೆ ಆ ಮುಖದಲ್ಲಿ ಅವಳು ನಗೆ ಕಂಡಿರಲಿಲ್ಲ. "ಊಟ ಆಯ್ತಾ", "ದೀಪ ಆರಿಸ್ಲಾ" ಎನ್ನುವುದು ಬಿಟ್ಟರೆ ಇಬ್ಬರ ನಡುವೆ ಮಾತೂ ಇರಲಿಲ್ಲ.

"ಯಾರೂ ಬಂದಿಲ್ಲ, ಅತ್ತೆ."

"ಈಗ ತಾನೆ ನೀನೇ ಕೂಗಿದ್ಯಲ್ಲ!"

"ಬಾಯಿತಪ್ಪಿ ಬಂತು."

ಅತ್ತೆ ಅವಳನ್ನೇ ನೋಡಿದರು. ಹತ್ತಿರ ಬಂದು ಹಣೆ ಮುಟ್ಟಿದರು. "ನಿದ್ದೆ ಮಾಡ್ತಿದ್ದೀಯ ತಾನೆ? ನನ್ನ ಹತ್ರ ಮುಚ್ಚಿಡಬೇಡಮ್ಮ."

ಆ ಕೂಗಿನ ಗುಟ್ಟು ಬಲ್ಲವರು ಇಬ್ಬರೇ ಇದ್ದರು, ಈಗ ಅವಳೊಬ್ಬಳು. ಬಿಡಿಸಿ ಹೇಳಿದರೆ ಅದೂ ಕೈಬಿಟ್ಟು ಹೋಗುತ್ತದೆ. ಹೇಳದಿದ್ದರೆ ಈ ಕೈ ಹಣೆಯಿಂದ ಇಳಿಯುವಂತೆ ಕಾಣಲಿಲ್ಲ. ಅವಳು ಹಿತ್ತಿಲ ಬಾಗಿಲು ತೆರೆದು ಬೆರಳು ತೋರಿಸಿದಳು.

ಬೇಲಿಯ ಪಕ್ಕದ ಪೊದೆ ಮೈತುಂಬ ಹಳದಿ ಹೂ ಬಿಟ್ಟಿತ್ತು. ಒಂದು ಎಲೆಯೂ ಮೂಡಿರಲಿಲ್ಲ. ಚಳಿಗಾಲ ಪೂರ್ತಿ ಕಳೆದಿರಲಿಲ್ಲ, ಅಕ್ಕಪಕ್ಕದ ಪೊದೆಗಳೆಲ್ಲ ಇನ್ನೂ ಒಣಕಡ್ಡಿ.

"ಅದೇ ದೊಡ್ಡತ್ತೆ. ನಿಮ್ಮ ಮಗ ಇಟ್ಟ ಹೆಸರು. ಎಲ್ಲರಿಗಿಂತ ಮುಂಚೆ, ಯಾರೂ ಕರೀದೇನೇ, ಇರೋ ಒಡವೆನೆಲ್ಲ ಹೇರ್ಕೊಂಡು ಬರ್ತಾರೆ ಅಂತ. ಪ್ರತಿ ವರ್ಷ ಮೊದಲು ನೋಡಿದವರು ಹಾಗೆ ಕೂಗಬೇಕಿತ್ತು."

ಅತ್ತೆ ಬಾಯಿಗೆ ಶಾಲು ಒತ್ತಿಕೊಂಡರು. ಅಳುತ್ತಿದ್ದಾರೆಂದು ಸೊಸೆ ಹೆದರಿದಳು. ಹೆಗಲು ಕುಲುಕುತ್ತಿದ್ದದ್ದು ನಗುವಿಗೆ.

"ಅಯ್ಯೋ ಕಳ್ಳ! ಅವರ ಎದುರಿಗೆ ಎಷ್ಟು ವಿನಯ ತೋರಿಸ್ತಿದ್ದ! ಹೇಳು ಹೇಳು, ಇನ್ನೂ ಯಾರ್ಯಾರಿದ್ದಾರೆ?"

ಮನೆಯೊಳಗಿನ ಚಪ್ಪಲಿಯಲ್ಲೇ ಹಸಿ ಮಣ್ಣಿಗೆ ಇಳಿದರು. ಗೋಡೆಯ ಬುಡದಲ್ಲಿ ಪುಟ್ಟ ಬಿಳಿ ಹೂಗಳು ಸಾಲಾಗಿ ತಲೆತಗ್ಗಿಸಿ ನಿಂತಿದ್ದವು.

"ಇವರು?"

"ಚಿಕ್ಕಪ್ಪನ ಮಕ್ಕಳು. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಿದಾಗ."

"ಹೌದು ಕಣೆ, ಥೇಟ್ ಹಾಗೇ! ಇದು?" ಮೆಟ್ಟಿಲ ಬದಿಯ ಕುಳ್ಳ ಗಿಡದಲ್ಲಿ ಹೂ ಕಂಡೂ ಕಾಣದಷ್ಟು ಸಣ್ಣದು, ಘಮ ಮಾತ್ರ ಬಾಗಿಲವರೆಗೂ ಬರುತ್ತಿತ್ತು.

"ನಿಮ್ಮ ತಮ್ಮ. ಮನುಷ್ಯ ಕಾಣೋದಕ್ಕೆ ಮುಂಚೆ ಸೆಂಟು ಬರತ್ತೆ."

"ನನ್ನ ತಮ್ಮನ್ನೂ ಬಿಡಲಿಲ್ವಾ!"

ಮದುವೆಮನೆಯಲ್ಲಿ ನೆಂಟರನ್ನು ಹುಡುಕುವವರಂತೆ ಅತ್ತೆ ಮುಂದೆ ಮುಂದೆ ನಡೆದರು. ನೀರಿನ ತೊಟ್ಟಿಯ ಹಿಂದೆ ಬಾಗಿ ಕೂಗಿದರು. "ಏ, ಬಾ ಇಲ್ಲಿ. ಈ ನೀಲಿಯವರು ಯಾರೇ?"

ಸೊಸೆ ಬಂದು ಮಂಡಿಯೂರಿದಳು. ಗೇಣುದ್ದದ ದಂಟು, ತುದಿಯಲ್ಲಿ ಆಗತಾನೆ ಬಿರಿದ ಹೂ. ಸುತ್ತ ಇನ್ನಷ್ಟು ಮೊಗ್ಗು. ಹೋದ ವರ್ಷ ಇಲ್ಲಿ ಬರೀ ಮಣ್ಣಿತ್ತು. ಚಳಿ ಶುರುವಾಗುವ ಮೊದಲು, ಆಸ್ಪತ್ರೆಗೆ ಸೇರುವ ಮುಂಚಿನ ದಿನಗಳಲ್ಲಿ, ಗಂಡ ಇಲ್ಲಿ ಕುಕ್ಕರಗಾಲಲ್ಲಿ ಕೂತು ಗೆಡ್ಡೆ ಹೂಳುತ್ತಿದ್ದ. ಏನದು ಎಂದು ಕೇಳಿದ್ದಕ್ಕೆ, ಬಂದಾಗ ನೋಡು ಎಂದಿದ್ದ.

"ಹೇಳೆ, ಯಾರು?" ಅತ್ತೆ ನಗಲು ಸಿದ್ಧರಾಗಿ ನಿಂತಿದ್ದರು.

"ಗೊತ್ತಿಲ್ಲ, ಅತ್ತೆ. ಇವರನ್ನ ನಿಮ್ಮ ಮಗ ನನಗೆ ಪರಿಚಯ ಮಾಡ್ಸಲೇ ಇಲ್ಲ."