ಖಾಲಿ ಲಾಗ್

ಶುಕ್ರವಾರ ಬೆಳಿಗ್ಗೆ ಅಸುನ್ಸಿಯೋನ್ ನಗರದ ಒಂದು ಆಸ್ಪತ್ರೆಯ ಡೈರೆಕ್ಟರಿ ಸರ್ವರ್‌ನಿಂದ ಮತ್ತೆ ಹನ್ನೆರಡು ನರ್ಸ್‌ಗಳ ಹೆಸರು ಮಾಯವಾದವು. ಅದರಲ್ಲಿ ಹೆಸರಿಲ್ಲದವರನ್ನು ಅಲ್ಲಿನ ಯಾವ ಕಂಪ್ಯೂಟರೂ ಒಳಗೆ ಬಿಡುವುದಿಲ್ಲ. ಸರ್ವರ್ ನೋಡಿಕೊಳ್ಳುವ ನೀದಿಯಾ ಲಾಗ್ ಫೈಲ್ ತೆರೆದಳು. ಯಾರು ಬಂದರು, ಏನು ಅಳಿಸಿದರು ಎಂದು ಸಾಲುಸಾಲಾಗಿ ಬರೆದಿರಬೇಕಾದ ಫೈಲು ಹೋದ ಸಲದ ಹಾಗೆಯೇ ಖಾಲಿ ಇತ್ತು.

ಹೋದ ಸಲ ಈ ಖಾಲಿ ಫೈಲನ್ನು ತೋರಿಸಿಯೇ ಅವಳು ತಪ್ಪನ್ನು ತನ್ನ ಹಿರಿಯ ಸಹೋದ್ಯೋಗಿ ದೋನ್ ಸಿರಿಲೊ ತಲೆಗೆ ಕಟ್ಟಿದ್ದಳು. ಹೆಸರು ಅಳಿಸಿದವರೇ ಗುರುತು ಸಿಗಬಾರದೆಂದು ಲಾಗನ್ನೂ ಅಳಿಸಿದ್ದಾರೆ, ಪಾಸ್‌ವರ್ಡ್ ಇರುವುದು ನಮ್ಮಿಬ್ಬರ ಹತ್ತಿರ ಮಾತ್ರ ಎಂದಿದ್ದಳು. ಇಪ್ಪತ್ತಾರು ವರ್ಷ ದುಡಿದ ಅವರ ಪಾಸ್‌ವರ್ಡನ್ನು ಮೇಲಿನವರು ಕಿತ್ತುಕೊಂಡು, ಅವರನ್ನು ಪಡಸಾಲೆಯ ಕೊನೆಯ ಉಗ್ರಾಣಕ್ಕೆ ಹಾಕಿದರು. ಹತ್ತು ಗಂಟೆಗೆ ಎಲ್ಲರೂ ಸುತ್ತ ಕೂತು ಒಂದೇ ಕೊಂಬಿನ ಲೋಟದಿಂದ ಸರದಿಯಂತೆ ತೆರೆರೆ ಎಂಬ ತಣ್ಣನೆಯ ಎಲೆಚಹಾ ಹೀರುವಾಗ, ಲೋಟ ಅವರನ್ನು ದಾಟಿಕೊಂಡು ಪಕ್ಕದವರ ಕೈಗೆ ಹೋಗತೊಡಗಿತು. ಎರಡು ದಿನ ನೋಡಿ ಅವರೇ ಬರುವುದನ್ನು ಬಿಟ್ಟರು. ಈಗ ಮೂರು ವಾರವಾಗಿದೆ. ಹಾಗಾದರೆ ಇವತ್ತಿನ ಲಾಗ್ ಅಳಿಸಿದ್ದು ಯಾರು?

ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಡಿಸ್ಕ್ ತುಂಬಿತೆಂದು ತಿಂಗಳ ಹಿಂದೆ ಅವಳೇ ಲಾಗನ್ನು ಹೊಸ ಫೋಲ್ಡರಿಗೆ ಸಾಗಿಸಿದ್ದಳು. ಅಲ್ಲಿ ಬರೆಯಲು ಸರ್ವರಿಗೆ ಅನುಮತಿ ಕೊಡುವುದನ್ನು ಮರೆತಿದ್ದಳು. ಅದು ಒಂದಕ್ಷರವನ್ನೂ ಬರೆದಿರಲಿಲ್ಲ, ಇನ್ನು ಅಳಿಸುವ ಮಾತೆಲ್ಲಿ ಬಂತು! ಅನುಮತಿ ಕೊಟ್ಟು ಸರ್ವರನ್ನು ಮತ್ತೆ ಚಾಲೂ ಮಾಡಿದ್ದೇ ತಡ, ಸಾಲುಗಳು ಬೀಳತೊಡಗಿದವು. ಹೆಸರು ಅಳಿಸುತ್ತಿರುವುದು ಮನುಷ್ಯನೋ, ಕೆಟ್ಟ ಪ್ರೋಗ್ರಾಮೋ, ಮುಂದಿನ ಸಲ ಸಿಕ್ಕಿಬೀಳುವುದು ಖಂಡಿತ. ಸದ್ಯಕ್ಕೆ ಮೊದಲ ಸಾಲಿನಲ್ಲಿದ್ದದ್ದು ಸರ್ವರನ್ನು ಚಾಲೂ ಮಾಡಿದ ಅವಳದೇ ಹೆಸರು. ಸುಮ್ಮನಿದ್ದರೆ ಅವಳ ಮರೆವು ಯಾರಿಗೂ ತಿಳಿಯುತ್ತಿರಲಿಲ್ಲ.

ಅವತ್ತು ತೆರೆರೆ ಸುರಿದುಕೊಡುವ ಪಾಳಿ ಅವಳದು. ತಣ್ಣೀರಿನ ಥರ್ಮಾಸನ್ನೂ ಲೋಟವನ್ನೂ ಹಿಡಿದು ನೇರ ಉಗ್ರಾಣಕ್ಕೆ ನಡೆದಳು. ಒಳಗೆ ಹೋದವಳೇ ಬಾಗಿಲು ಮುಚ್ಚಿದಳು. ಸಿರಿಲೊ ಹಳೆಯ ಕೀಬೋರ್ಡುಗಳ ಧೂಳು ಒರೆಸುತ್ತ ಕೂತಿದ್ದರು.

“ದೋನ್ ಸಿರಿಲೊ, ತಪ್ಪು ನಂದೇ. ಆ ಫೋಲ್ಡರಿಗೆ ಪರ್ಮಿಷನ್ನೇ ಕೊಟ್ಟಿರ್ಲಿಲ್ಲ ನಾನು.”

“ಅವತ್ತೇ ಬಡ್ಕೊಂಡ್ನಲ್ಲಮ್ಮ, ಪರ್ಮಿಷನ್ ಒಂದ್ಸಲ ನೋಡು ಅಂತ.”

ನಿಜ, ಹೇಳಿದ್ದರು. ಮೀಟಿಂಗಿನಲ್ಲಿ, ಎಲ್ಲರ ಎದುರು. ‘ತಾತ, ಈಗ ನಂಗೇ ಪಾಠ ಮಾಡ್ತೀರಾ?’ ಎಂದು ಅವಳು ಕೇಳಿದಾಗ ವಿಭಾಗದ ಹನ್ನೊಂದು ಜನವೂ ಗೊಳ್ಳೆಂದು ನಕ್ಕಿದ್ದರು. ಈ ಕೆಲಸವನ್ನು ಅವಳಿಗೆ ಕೈಹಿಡಿದು ಕಲಿಸಿದವರೇ ಸಿರಿಲೊ.

“ಕ್ಷಮಿಸ್ಬಿಡಿ” ಎಂದು ಲೋಟ ತುಂಬಿ ಚಾಚಿದಳು.

ಸಿರಿಲೊ ಲೋಟ ತೆಗೆದುಕೊಂಡರು, ಆದರೆ ಕುಡಿಯಲಿಲ್ಲ. ಎದ್ದು ಹೋಗಿ ಅವಳು ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದರು. ಹೊರಗೆ ಪಡಸಾಲೆಯಲ್ಲಿ ಹನ್ನೊಂದು ಜನವೂ ಕುರ್ಚಿ ಹಾಕಿಕೊಂಡು ಥರ್ಮಾಸಿಗಾಗಿ ಕಾಯುತ್ತಿದ್ದರು.

“ಈಗ ಹೇಳು ಮಗಳೇ” ಎಂದರು ಸಿರಿಲೊ. “ಅವತ್ತು ಎಷ್ಟು ಜೋರಾಗಿ ಹೇಳಿದ್ಯೋ, ಅಷ್ಟೇ ಜೋರಾಗಿ.”