ಅವ್ವನ ಬಚ್ಚಲಲ್ಲಿ ಒಂದು ತಾಸು

ಅರವತ್ತು ತುಂಬಿದವರೆಲ್ಲ ತಮ್ಮ ಬದುಕಿನಲ್ಲಿ ಕಳೆದುಹೋದ ಯಾವುದಾದರೂ ಒಂದು ತಾಸಿಗೆ ಒಮ್ಮೆ ಹೋಗಿ ಬರಬಹುದು. ಅಲ್ಲಿ ಏನು ಮಾಡಿದರೂ ಇಲ್ಲಿ ಏನೂ ಬದಲಾಗುವುದಿಲ್ಲ. ಹಾಗೆ ಕಳಿಸಿಕೊಡುವ ಗದಗಿನ ಕೇಂದ್ರದಲ್ಲಿ ಸೋಮವಾರ ನೂಕುನುಗ್ಗಲು ಹೆಚ್ಚೆಂದು ನೀಲವ್ವ ಮಂಗಳವಾರ ಗಂಡನೊಂದಿಗೆ ಹೋದಳು.

"ನಮ್ಮ ಮದುವಿ ತಾಸು ಕೇಳ್ತಿ, ಹೌದಲ್ಲ?" ಎಂದ ಗಂಡ ಈರಪ್ಪ.

"ಮತ್ತೊಮ್ಮೆ ನಿಮ್ಮವ್ವನ ಕೈಗೆ ಸಿಗಲೇನ್ರೀ? ನಂಗ ಚೊಚ್ಚಲ ಬಾಣಂತನ ಬೇಕು. ನಮ್ಮವ್ವ ಬಿಸಿನೀರು ಎರೀಬೇಕು, ನಾ ಸುಮ್ನ ಕುಂಡ್ರಬೇಕು. ಜೀವನದಾಗ ನಾ ಕೆಲಸ ಮಾಡದ ದಿನ ಅಂದ್ರ ಅವಷ್ಟ."

ತಾಸಿನ ನಂತರ ನೀಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಗೆ ಬಂದಳು.

"ಚಂದಾಗಿ ಎರಕೊಂಡ್ಯಾ?"

"ಎಲ್ಲೀದ್ರೀ! ಎರಡು ತಂಬಿಗಿ ಹಾಕಿದ್ಲು, ನಾ ಕಣ್ಣು ತೆರದು ನೋಡಿದೆ. ಅವ್ವ ಅಂದ್ರ ಮುದುಕಿ ಅಂತ ತಿಳದಿದ್ದೆ. ಈಗಿನ ನಮ್ಮ ಮಗಳ ವಯಸ್ಸಿನಾಕಿ! ಒಲಿ ಹೊಗಿಗೆ ಕಣ್ಣು ಕೆಂಪಾಗಿ, ನಿಂತಲ್ಲೇ ತೂಕಡಸ್ತಿದ್ಲು."

"ಆಮ್ಯಾಲ?"

"ತಂಬಿಗಿ ಕಸಗೊಂಡೆ. ಅಕಿನ್ನ ಕುಂಡ್ರಿಸಿ, ನೆತ್ತಿಗೆ ಎಣ್ಣಿ ತಟ್ಟಿ, ನಾನ ಎರದೆ. 'ಬಾಣಂತಿ ಕೈಲೆ ಎರಕೊಂಡ್ಲು ಅಂತ ಮಂದಿ ಆಡ್ಕೋತಾರ, ಬಿಡ' ಅಂತ ಬೈಕೋತನ ಕುಂತ್ಲು."

ಈರಪ್ಪ ಹಣೆ ಬಡಿದುಕೊಂಡ. "ಒಂದ ಸಲ ಸಿಗೋ ತಾಸು! ಅದ್ರಾಗೂ ದುಡದು ಬಂದ್ಯಲ್ಲ!"

"ಹೂಂರೀ," ಎಂದಳು ನೀಲವ್ವ, ನಗುತ್ತಲೇ ಮೂಗು ಒರೆಸಿಕೊಂಡು. "ಬೈಯೋದು ನಿಂತ ಮ್ಯಾಲ ನೋಡ್ತೀನಿ, ಗೋಡಿಗೆ ಒರಗಿ ಗೊರಕಿ ಹೊಡಿಯಾಕತ್ತಾಳ. ತಾಸು ಮುಗಿಯೋತನಕ ನಾ ಎಬ್ಬಸಲಿಲ್ಲ."